ನಾಲ್ಕನೆಯವಳ ಸುದ್ದಿ

ಒಂದು ಸಲ ನಮ್ಮೂರಿನ ಒಂಬತ್ತು ಗಂಡಸರು ಒಂದೇ ದಿನ ಮೀಸೆ ಬೋಳಿಸಿಕೊಂಡರು. ಬೇರೆ ಊರಿನವನೊಬ್ಬ ತನ್ನ ಎಮ್ಮೆ ಸತ್ತ ದುಃಖಕ್ಕೆ ಮೀಸೆ ತೆಗೆಸಿದ ಎಂದು ಊರ ಹಾಳೆಯಲ್ಲಿ ಬಂದಿತ್ತು, ಅಷ್ಟೇ. ಆ ಒಂಬತ್ತರಲ್ಲಿ ಆರು ಜನಕ್ಕೆ ಎಮ್ಮೆಯೇ ಇರಲಿಲ್ಲ. ಸಂಜೆ ಮನೆಗೆ ಹೋದರೆ ಹೆಂಡಂದಿರು ಗುರುತು ಹಿಡಿಯದೆ, ನಮ್ಮ ಯಜಮಾನರು ಮನೆಯಲ್ಲಿಲ್ಲ, ಆಮೇಲೆ ಬಾರಪ್ಪ ಎಂದು ಕದ ಹಾಕಿಕೊಂಡರು. ಇಬ್ಬರು ಇನ್ನೂ ಹೊರಗೇ ಇದ್ದಾರೆ. ಈ ಕೊನೆಯ ಮಾತು ನಾನು ಸೇರಿಸಿದ್ದು. ನಾನು ದುಂಡವ್ವ, ಸೇರಿಸದೆ ಹೇಳಿದರೆ ನನಗೆ ಉಂಡದ್ದು ಅರಗುವುದಿಲ್ಲ.

ಊರ ಹಾಳೆ ಎಂದರೆ ಚಾವಡಿಯ ಗೋಡೆಗೆ ಬೆಳಿಗ್ಗೆ ಅಂಟಿಸುವ ಒಂದು ದೊಡ್ಡ ಕಾಗದ. ವಿರುಪಾಕ್ಷಿ ಅದನ್ನು ಹಿಂದಿನ ದಿನ ಮಧ್ಯಾಹ್ನ ಕೂತು ಕೈಯಿಂದ ಬರೆಯುತ್ತಾನೆ; ಅವನಿಗಿಂತ ಮುಂಚೆ ಅವನಪ್ಪ ಬರೆಯುತ್ತಿದ್ದ, ನಡುವೆ ಬಹಳ ವರ್ಷ ಗೋಡೆ ಬರಿದೇ ಇತ್ತು. ಅಂಟಿಸಿದ ಮೇಲೆ ಕಟ್ಟೆ ಹತ್ತಿ, ತಗಡಿನ ಕೊಳವೆ ಬಾಯಿಗಿಟ್ಟುಕೊಂಡು ಎರಡು ಸಲ ಓದುತ್ತಾನೆ, ನನ್ನಂಥ ಅಕ್ಷರ ಬಾರದವರಿಗಾಗಿ. ನಾನು ಶಾಲೆಗೆ ಹೋದದ್ದು ಹದಿನಾಲ್ಕು ದಿನ. ಹದಿನೈದನೇ ದಿನ ಮಾಸ್ತರರೇ ಊರು ಬಿಟ್ಟು ಓಡಿದರು.

ಹಾಳೆಯಲ್ಲಿ ಬಂದದ್ದನ್ನು ನಮ್ಮೂರು ಮಾಡುತ್ತದೆ. ಎಲ್ಲರೂ ಅಲ್ಲ, ಕೆಲವರು. ಯಾರು ಮಾಡುತ್ತಾರೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಎಷ್ಟು ಬಿಡಿಸಿ ಬಣ್ಣಿಸಿ ಬರೆದರೆ ಅಷ್ಟು ಹೆಚ್ಚು ಜನ ಎದ್ದು ಹೊರಡುತ್ತಾರೆ. ಹೊರಗಿನ ಪೇಪರುಗಳೂ ಬಸ್ಸಿನಲ್ಲಿ ಬರುತ್ತವೆ, ಆದರೆ ಅವು ನಮ್ಮನ್ನು ಹಿಡಿಯುವುದಿಲ್ಲ. ಅವುಗಳಲ್ಲಿ ಮಿರ್ಚಿ ಭಜಿ ಕಟ್ಟುತ್ತೇವೆ.

ಹೀಗಿರುವಾಗ ಹೊಂದಿಕೊಂಡು ಬಾಳಬೇಕಲ್ಲ. ನಮ್ಮ ಓಣಿಯ ಹೆಂಗಸರು ಡಬ್ಬಿ ತುಂಬ ಚಕ್ಕಲಿ ಒಯ್ದು ವಿರುಪಾಕ್ಷಿಯ ಮುಂದಿಟ್ಟು, ಗಂಡನೊಬ್ಬ ಹೆಂಡತಿಗಾಗಿ ಆರು ಕೊಡ ನೀರು ಹೊತ್ತು ತಂದ, ಕೊಡ ಇಳಿಸುವಾಗ ಗೊಣಗಲೂ ಇಲ್ಲ ಎಂದು ಬರೆಸುತ್ತಾರೆ. ಮರುದಿನ ನಲ್ಲಿಯ ಹತ್ತಿರ ಬರೀ ಗಂಡಸರು. ಕಳುವಿನ ಸುದ್ದಿಯನ್ನು ಕಳ್ಳ ಸಿಕ್ಕಿಬಿದ್ದು ಅತ್ತಲ್ಲಿಂದಲೇ ಶುರು ಮಾಡಬೇಕು, ಹೇಗೆ ಒಳಗೆ ಹೊಕ್ಕ ಎಂಬುದನ್ನು ಮುಟ್ಟಬಾರದು. ಇದೆಲ್ಲ ತಪ್ಪು ಮಾಡಿ ಮಾಡಿ ಕಲಿತದ್ದು. ಒಂದು ತಪ್ಪು ನನ್ನದೇ. ಒಂದು ಯುಗಾದಿಗೆ ವಿರುಪಾಕ್ಷಿ, ಹಬ್ಬ ಹೇಗಾಯಿತು ದೊಡ್ಡವ್ವ ಎಂದು ಕೇಳಿದಾಗ, ನಲವತ್ತು ಹೋಳಿಗೆ ತಿಂದು ಹಳ್ಳ ಹಾರಿದೆ ಎಂದುಬಿಟ್ಟೆ. ಅವನು ಬರೆದ. ಹನ್ನೊಂದು ಜನ ನಲವತ್ತು ಹೋಳಿಗೆ ತಿಂದು ಹಳ್ಳ ಹಾರಲು ಹೋದರು. ಆಚೆ ದಡ ಒಬ್ಬರೂ ಮುಟ್ಟಲಿಲ್ಲ. ಕೆಸರಿನಿಂದ ಎಳೆಯುವುದಕ್ಕೆ ಸಂಜೆಯಾಯಿತು. ಅಂದಿನಿಂದ ನನ್ನ ಬಾಯಿಯ ಒಂದು ಮಾತೂ ಹಾಳೆಗೆ ಹೋಗಕೂಡದು ಎಂದು ವಿರುಪಾಕ್ಷಿ ಆಣೆ ಮಾಡಿದ.

ಇನ್ನು ನಿಂಬೆವ್ವನ ವಿಷಯ. ನನ್ನ ಎದುರು ಮನೆ ಅವಳದು. ವಯಸ್ಸು ಮೂವತ್ತರ ಒಳಗೆ. ಹಳೆ ಸೀರೆ ಅರಿವೆಗಳನ್ನು ಸೇರಿಸಿ ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವ ಕೈ ಇಲ್ಲ. ಅವಳ ಕೌದಿ ಹೊದ್ದರೆ ಚಳಿಗಾಲ ನಮ್ಮೂರನ್ನು ಬಿಟ್ಟು ಮುಂದಿನ ಊರಿಗೆ ಹೋಗುತ್ತದೆ. ಗಂಡ ಲಾರಿ ಓಡಿಸುತ್ತಾನೆ, ತಿಂಗಳುಗಟ್ಟಲೆ ಹೊರಗೇ. ಹುಟ್ಟಿದ ಕೂಸು ಹನ್ನೊಂದು ದಿನ ಇದ್ದು ಹೋಗಿ ಒಂದು ವರ್ಷವಾಗಿತ್ತು. ಅದಕ್ಕೇ ಹೀಗಾದಳು ಎಂದು ಊರು ಹೇಳುತ್ತಿತ್ತು. ನನ್ನನ್ನು ಕೇಳಿದರೆ, ಮನುಷ್ಯರಿಗೆ ಒಂದೇ ಕಾರಣ ಇರುವುದಿಲ್ಲ. ಅದೂ ಒಂದು ಕೌದಿಯೇ, ಯಾವ ತುಂಡು ಎಲ್ಲಿಂದ ಬಂತು ಎಂದು ಹೊಲಿದವರಿಗೂ ತಿಳಿಯುವುದಿಲ್ಲ. ಮೊದಲು ಹೊಲಿಯುವಾಗ ಹಾಡುತ್ತಿದ್ದಳು, ಎಲ್ಲ ಹಂಸಲೀಲಾಳ ಹಾಡುಗಳು. ಹಂಸಲೀಲಾ ಎಂದರೆ ಕಂಪನಿ ನಾಟಕದ ನಟಿ. ವರ್ಷಕ್ಕೊಮ್ಮೆ ನಮ್ಮೂರಿಗೆ ಬರುವವಳು, ಅವಳು ಅತ್ತರೆ ಮುಂದಿನ ಮೂರು ಸಾಲು ಛತ್ರಿ ಬಿಚ್ಚಬೇಕಾಗುತ್ತಿತ್ತು. ನಿಂಬೆವ್ವ ಜಡೆ ಹಾಕಿಕೊಳ್ಳುವುದೂ ಅವಳ ಹಾಗೆಯೇ.

ಆ ವರ್ಷ ಹಾಡು ನಿಂತಿತು. ಆಮೇಲೆ ಸೂಜಿ ನಿಂತಿತು. ಒಂದು ಸೋಮವಾರ ತನ್ನ ಚಿಂದಿಯ ಗಂಟನ್ನು ತಂದು ನನ್ನ ಕಟ್ಟೆಯ ಮೇಲಿಟ್ಟಳು. ಅದರಲ್ಲಿ ಕೆಂಪಂಚಿನ ತುಂಡುಗಳೂ ಇದ್ದವು, ಯಾರು ಕೇಳಿದರೂ ಕೊಡದೆ ಆರು ವರ್ಷ ಕೂಡಿಟ್ಟವು.

“ಇರಲಿ ಆಯಿ, ನೀವ ಇಟ್ಕೋರಿ. ನನಗ ಇನ್ನ ಬೇಕಾಗೂದಿಲ್ಲ,” ಎಂದಳು.

“ಯಾಕಬೇ, ರಾಣಿ ಆಗಾಕ ಹೊಂಟಿಯೇನು? ಹೋಗೂ ಮುಂದ ನನ್ನೂ ಕರಕೊಂಡ ಹೋಗು, ಪಲ್ಲಕ್ಕಿ ಹೊರಾಕ ಆಗತೈತಿ,” ಎಂದೆ ನಾನು.

ಅವಳು ಸ್ವಲ್ಪ ನಕ್ಕು ಒಳಗೆ ಹೋದಳು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅದಕ್ಕೆ ತೂಕವೇ ಇರಲಿಲ್ಲ, ಆದರೂ ಕಾಲು ಜೋಮು ಹಿಡಿಯಿತು. ನನ್ನ ನಾಲಿಗೆಯನ್ನು ಕಿತ್ತು ಒಣಗಹಾಕಬೇಕು ಅನ್ನಿಸಿತು. ಎದ್ದು ಅವಳ ಮನೆಗೆ ಹೋದರೆ, ತಲೆ ಸಿಡಿಯುತ್ತಿದೆ ಎಂದು ಮಲಗಿಬಿಟ್ಟಳು. ರೊಟ್ಟಿ ಒಯ್ದೆ. ಸಂಜೆ ತಾಟು ಹಾಗೆಯೇ ಇತ್ತು.

ಮರುದಿನ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಹನಮಂತಗೌಡ ಇಳಿದವನೇ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಹಂಸಲೀಲಾ ಹೋದಳು, ತಾನೇ ಜೀವ ಕಳೆದುಕೊಂಡಳು ಎಂದ. ಹೊರಗಿನ ಪೇಪರುಗಳ ಕಟ್ಟು ಅವನ ಕಂಕುಳಲ್ಲಿತ್ತು. ಮುಖಪುಟದ ತುಂಬ ಅವಳ ಫೋಟೊ. ಎಲ್ಲಿ, ಹೇಗೆ, ಆ ದಿನ ಏನು ಉಟ್ಟಿದ್ದಳು, ಚೀಟಿಯಲ್ಲಿ ಏನು ಬರೆದಿದ್ದಳು, ಎಲ್ಲ ಇತ್ತಂತೆ. ನಿಂಬೆವ್ವ ಬಾಗಿಲಲ್ಲಿ ನಿಂತು ಇಷ್ಟು ಕೇಳಿಸಿಕೊಂಡಳು. ಅಳಲಿಲ್ಲ. ಕದ ಹಾಕಿಕೊಂಡಳು.

ನಾನು ಎದುರು ಮನೆಯ ಕದವನ್ನು ನೋಡಿದೆ, ಚಾವಡಿಯ ಕಡೆ ನೋಡಿದೆ. ಪಕ್ಕದ ಮನೆಯ ಸೊಸೆ ಶಿವಲೀಲೆಯನ್ನು ಕರೆದು, ನಿಂಬೆವ್ವನ ಹತ್ತಿರ ಹೋಗಿ ಕೂಡು, ಮಾತಾಡಬೇಕಂತಿಲ್ಲ, ಸುಮ್ಮನೆ ಅಲ್ಲೇ ಕೂತು ಕಾಳು ಆರಿಸು ಎಂದೆ. ಅವಳು ಮೊರ ಹಿಡಿದು ಒಳಗೆ ಹೋದದ್ದನ್ನು ನೋಡಿಕೊಂಡು ಚಾವಡಿಗೆ ಓಡಿದೆ. ಎಪ್ಪತ್ತಾರು ವರ್ಷದ ಕಾಲುಗಳು; ನಾಯಿಗಳು ದಾರಿ ಬಿಟ್ಟವು.

ವಿರುಪಾಕ್ಷಿ ಎರಡು ಹಾಳೆಗಳನ್ನು ಅಂಟಿಸಿ ಒಂದು ಮಾಡಿಕೊಂಡು ಕೂತಿದ್ದ. ಕೆಂಪು ಮಸಿಯ ದೌತಿ ತೆರೆದಿತ್ತು. ಹೊರಗಿನ ಪೇಪರು ಪಕ್ಕದಲ್ಲಿ.

“ಏನ್ ಬರಿಯಾಕತ್ತಿ ತಮ್ಮಾ?”

“ಇರೂದ ಬರಿತೀನಿ ದೊಡ್ಡವ್ವ. ಇಂಥಾ ಸುದ್ದಿ ನನ್ನ ಕೈಗೆ ಇಪ್ಪತ್ತ ವರ್ಷಕ್ಕ ಬಂದಿಲ್ಲ. ಊರಿಗೆ ಊರ ಚಾವಡಿ ಮುಂದ ನಿಂದರತೈತಿ ನೋಡ ನಾಳೆ.”

“ಬರದ್ರ ಏನಾಗತೈತಿ ಗೊತ್ತಿಲ್ಲೇನ ನಿನಗ?”

“ಎಮ್ಮಿ ಸುದ್ದಿ ಬ್ಯಾರೆ, ಇದು ಬ್ಯಾರೆ. ಮೀಸಿ ಬೋಳಸ್ಕೊಂಡಷ್ಟ ಹಗೂರಲ್ಲ ಇದು. ಜೀವದ ಪ್ರಶ್ನೆ. ಅದನ್ನ ಯಾರ ನೋಡಿ ಮಾಡ್ತಾರ?” ಎಂದು ಲೇಖನಿ ಅದ್ದಿದ. “ಮತ್ತ ಸತ್ಯ ಮುಚ್ಚಿಡಾಕ ಬರೂದಿಲ್ಲ.”

ಅವನ ಎದುರು ಕೂತೆ. “ನಿಮ್ಮಪ್ಪ ಲೇಖನಿ ಯಾಕ ಇಟ್ಟ, ಗೊತ್ತೈತೇನು?”

“ಕಣ್ಣ ಹೋಗಿದ್ದವು.”

“ಕಣ್ಣ ಸಾಯೂತನಕ ಹದ್ದಿನ ಕಣ್ಣಿದ್ದಂಗ ಇದ್ದವು. ನೀ ಆವಾಗ ತೊಟ್ಟಲದಾಗಿದ್ದಿ. ಕುಂಬಾರ ಓಣ್ಯಾಗ ಒಬ್ಬ ಹುಡುಗ ಹಿಂಗ ಹೋದ. ನಿಮ್ಮಪ್ಪ ಐದ ದಿನ ಬರದ. ಹೆಂಗ, ಎಲ್ಲಿ, ಎಲ್ಲಾ ಬರದ. ಅವನ ಚಿತ್ರ ಬರದ. ಭಾಳ ಚಲೋ ಹುಡುಗ, ಪ್ರೀತಿಗೋಸ್ಕರ ಪ್ರಾಣ ಕೊಟ್ಟ, ಈಗ ಶಾಂತಿ ಸಿಕ್ಕಿತು ಅಂತ ಬರದ. ಊರಾಗ ಹೆಣ್ಣಮಕ್ಕಳು ಹಾಡ ಕಟ್ಟಿದ್ರು. ಆ ತಿಂಗಳ ಮುಗಿಯೂದರಾಗ ಇನ್ನೂ ಮೂರ ಮಂದಿ ಹೋದ್ರು. ಒಬ್ಬಾಕಿ ನಿಮ್ಮ ಸ್ವಾದರತ್ತಿ.”

ಅವನ ಲೇಖನಿಯ ತುದಿಯಿಂದ ಕೆಂಪು ಹನಿಯೊಂದು ಹಾಳೆಯ ಮೇಲೆ ಬಿತ್ತು.

“ಅತ್ತಿ ಜ್ವರ ಬಂದ ಸತ್ತಳಂತ ಹೇಳಿದ್ರು ಮನ್ಯಾಗ.”

“ಹೇಳತಾರಪಾ.”

ಬಿದ್ದ ಹನಿಯನ್ನು ಬೆರಳಿನಿಂದ ಒರೆಸುತ್ತ ಅವನು ಹೇಳಿದ: “ದೊಡ್ಡವ್ವ, ಸಿಟ್ಟಾಗಬ್ಯಾಡ. ಆದ್ರ ಇದು ನೀ ಹೇಳೂ ಮಾತು. ನಲವತ್ತ ಹೋಳಿಗಿ ಮಂದಿ ಇನ್ನೂ ನನಗ ಬೈತಾರ. ಮೂರ ಮಂದಿ ಅಂತಿ. ಒಬ್ಬರಿದ್ರೋ, ಅರ್ಧ ಇದ್ರೋ, ನಾ ಹೆಂಗ ನಂಬಲಿ?”

ಅವನದೇನೂ ತಪ್ಪಿಲ್ಲ. ಜೀವಮಾನವಿಡೀ ನಾನು ಸಾಸಿವೆಯನ್ನು ತೋರಿಸಿ ಕುಂಬಳಕಾಯಿ ಎಂದವಳು. ಈಗ ಕುಂಬಳಕಾಯಿಯನ್ನೇ ಹೊತ್ತು ತಂದರೆ ಯಾರು ನೋಡುತ್ತಾರೆ?

“ಮೂರ ಮಂದಿ,” ಎಂದೆ. “ನಾಲ್ಕನೇದಾಕಿ ನಾನು. ನಾ ಹೋಗಲಿಲ್ಲ. ಅದಕ್ಕ ಯಾರೂ ಎಣಿಸಲಿಲ್ಲ.”

ವಿರುಪಾಕ್ಷಿ ನನ್ನನ್ನು ನೋಡಿದ. ನಾನು ಹುಬ್ಬು ಹಾರಿಸಲಿಲ್ಲ, ಕೈ ಆಡಿಸಲಿಲ್ಲ. ಅವನು ಆ ದೊಡ್ಡ ಹಾಳೆಯನ್ನು ಮಡಚಿ ಬದಿಗಿಟ್ಟು, ದಿನದ ಅಳತೆಯ ಹಾಳೆ ತೆಗೆದು, ಕರಿ ಮಸಿ ತಂದ.

“ಸತ್ತಾಳ ಅನ್ನೂದ ಬರಿ,” ಎಂದೆ. “ತಾನ ಜೀವ ಕಳಕೊಂಡಳು ಅಂತನೂ ಬರಿ. ಮುಚ್ಚಿಡಬ್ಯಾಡ. ಹೆಂಗ, ಎಲ್ಲಿ, ಏನ ಉಟ್ಟಿದ್ದಳು, ಅದು ಬ್ಯಾಡ. ಶಾಂತಿ ಸಿಕ್ಕಿತು ಅನ್ನೂದಂತೂ ಮೊದಲ ಬ್ಯಾಡ. ಕೆಳಗ ಮೂಲ್ಯಾಗ ಬರಿ. ಮ್ಯಾಲ ನಂದು ಬರಕೋ.”

“ಹೇಳು.”

“ನನ್ನ ಗಂಡ ಕಾಮಾಲಿಯಿಂದ ಸತ್ತ ಎರಡ ತಿಂಗಳಾಗಿತ್ತು. ನನಗ ಇಪ್ಪತ್ತೇಳ ವರ್ಷ. ಅತ್ತ ಅತ್ತ ಊರ ಬಾವಿ ತುಂಬಿ ಹರದು—”

ವಿರುಪಾಕ್ಷಿ ಲೇಖನಿಯನ್ನು ಕೆಳಗಿಟ್ಟ. “ಎಷ್ಟ ಅತ್ತಿ ದೊಡ್ಡವ್ವ?”

ಹಳ್ಳ ಹಾರುವುದು, ಹೋಳಿಗೆ ನುಂಗುವುದು, ಇವನ್ನು ಯಾವ ಹೊತ್ತಿನಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಇದನ್ನು ಯಾರಿಗೂ ಹೇಳಿರಲಿಲ್ಲ.

“ಅಳಲೇ ಇಲ್ಲಪಾ. ಒಂದ ಹನಿ ಬರಲಿಲ್ಲ.”

ಅವನು ಅದನ್ನು ಬರೆದುಕೊಂಡ. ಆಮೇಲಿನದು ಹೀಗಿತ್ತು, ಅವನು ಬರೆದದ್ದೂ ಹೀಗೆಯೇ. ಹಾಳೆಯ ಸುದ್ದಿ ಐದು ದಿನ ಕೇಳಿ ಕೇಳಿ ಆರನೇ ದಿನ ನಾನು ಮನೆಯಿಂದ ಹೊರಬಿದ್ದೆ. ಎಲ್ಲಿಗೆ ಹೊರಟಿದ್ದೆ ಎಂದು ಹಾಳೆಯಲ್ಲಿ ಬರೆಸಲಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಮೂರು ಮನೆ ದಾಟುವಷ್ಟರಲ್ಲಿ ಮುದುಕಿ ಸಾತವ್ವ ಬಾಗಿಲಲ್ಲಿ ಕೂತಿದ್ದಳು. ಏ ದುಂಡಿ, ನನಗ ಕಣ್ಣ ಕಾಣವಲ್ದು, ಸೂಜಿಗೆ ದಾರ ಪೋಣಿಸಿ ಹೋಗು ಎಂದಳು. ಪೋಣಿಸಿದೆ. ಇನ್ನೊಂದು ಎಂದಳು. ದಾರ ಮತ್ತೆ ಮತ್ತೆ ತೂತು ತಪ್ಪುತ್ತಿತ್ತು. ಅವಳು ಅವಸರ ಮಾಡಲಿಲ್ಲ. ಹೀಗೆ ಏಳು ಸೂಜಿ ಆದ ಮೇಲೆ ನನ್ನ ಮುಖ ನೋಡದೆ ಕೇಳಿದಳು, ದುಂಡಿ, ಸಾಯಬೇಕು ಅನಸಾಕತ್ತೈತೇನು? ನಾನು ಹೌದು ಎಂದೆ. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ, ದೇವರ ಹೆಸರು ತೆಗೆಯಲಿಲ್ಲ. ಕೂಡು ಎಂದಳು. ಮಜ್ಜಿಗೆ ಕೊಟ್ಟಳು. ಹನ್ನೆರಡು ದಿನ ಅವಳ ಮನೆಯಲ್ಲೇ ಮಲಗಿದೆ.

“ಏಳ ಸೂಜಿ ಖರೆ ಏನು?” ಎಂದ ವಿರುಪಾಕ್ಷಿ.

“ಏಳ.”

“ಆಮ್ಯಾಲ ಸುಖವಾಗಿ ಬಾಳಿದಳು ಅಂತ ಬರೀಲೇನು?”

“ಬ್ಯಾಡ. ಆ ವರ್ಷ ಭಾಳ ಕೆಟ್ಟಿತ್ತು. ಮುಂದಿನ ವರ್ಷ ಅಷ್ಟ ಕೆಟ್ಟಿರಲಿಲ್ಲ. ಅದರ ಮುಂದಿನ ವರ್ಷ ಉಪ್ಪಿನಕಾಯಿ ಹಾಕಿದೆ. ಹಂಗ ಬರಿ.”

ಹಾಗೆಯೇ ಬರೆದ. ಕೊನೆಗೆ ತಾನೇ ಒಂದು ಸಾಲು ಸೇರಿಸಿದ: ಹೀಗೆ ಅನ್ನಿಸಿದವರು ಯಾರದಾದರೂ ಬಾಗಿಲು ತಟ್ಟಬೇಕು, ಬಸ್ ಸ್ಟ್ಯಾಂಡಿನ ಹಿಂದಿನ ದವಾಖಾನೆಯ ಡಾಕ್ಟರಮ್ಮ ದಿನವೂ ಇರುತ್ತಾರೆ, ಇಂಥ ಮಾತನ್ನು ಕೂತು ಕೇಳುತ್ತಾರೆ. ಓದಿ ಹೇಳಿದಾಗ, ಇದು ನನ್ನ ಏಳೂ ಸೂಜಿಗಿಂತ ಚಲೋ ಐತಿ ಎಂದೆ. ಅವನು ಮೂಗು ಒರೆಸಿಕೊಂಡ.

ಬೆಳಿಗ್ಗೆ ತಗಡಿನ ಕೊಳವೆಯಲ್ಲಿ ಓದಿದಾಗ ಜನ ಗೊಂದಲಕ್ಕೆ ಬಿದ್ದರು. ದುಂಡವ್ವನ ಸುದ್ದಿಯಲ್ಲಿ ಒಂದು ಆನೆಯೂ ಇಲ್ಲವಲ್ಲ ಎಂದು ಯಾರೋ ಅಂದರು. ಹಂಸಲೀಲಾ ಹೇಗೆ ಸತ್ತಳು ಎಂದು ಕೆಲವರು ಕೂಗಿ ಕೇಳಿದರು. ವಿರುಪಾಕ್ಷಿ ಕೊಳವೆ ಇಳಿಸಿ, “ಹೆಂಗ ಬದುಕಿದ್ದಳು ಅಂತ ಕೇಳ್ರಿ, ಅದನ್ನ ಸಂಜಿತನಕ ಹೇಳ್ತೀನಿ,” ಎಂದ. ಒಬ್ಬ ಅವಳ ಹಾಡೊಂದನ್ನು ಅಪಸ್ವರದಲ್ಲಿ ಎತ್ತಿದ. ಉಳಿದವರು ಅವನನ್ನು ಸುಮ್ಮನಿರಿಸಲು ತಾವೇ ಹಾಡಿದರು.

ಮಧ್ಯಾಹ್ನದ ಹೊತ್ತಿಗೆ ಊರು ಎದ್ದಿತು. ಕೈಯಲ್ಲಿ ಸೂಜಿ, ಕಿವಿಯ ಮೇಲೆ ದಾರ. ಕಣ್ಣು ಚುರುಕಾಗಿದ್ದವರೂ ಕಾಣವಲ್ದು ಕಾಣವಲ್ದು ಎಂದು ಪರರ ಮನೆಯ ಬಾಗಿಲು ತಟ್ಟಿದರು. ಜಗಳವಾಡಿ ಹತ್ತು ವರ್ಷ ಮಾತು ಬಿಟ್ಟವರು ಸೂಜಿ ಚಾಚಿ ನಿಂತರು. ಕೆಲವರು ಆ ಪ್ರಶ್ನೆಯನ್ನೂ ಕೇಳಿದರು. ಕ್ಷೌರದ ನಾಗಪ್ಪ ತನ್ನ ಅತ್ತೆಯನ್ನು ಕೇಳಿದ್ದಕ್ಕೆ, “ನನಗಲ್ಲ, ನೀ ಕ್ಷೌರಾ ಮಾಡಿದ ಮಂದೀನ್ನ ಕೇಳು,” ಎಂದಳು ಅವಳು. ಆದರೆ ಇಡೀ ಊರಿನಲ್ಲಿ ಇಬ್ಬರು ಹೌದು ಎಂದರು. ಅವರಿಬ್ಬರೂ ಹಾಗೆ ಹೇಳುತ್ತಾರೆಂದು ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ. ಇಬ್ಬರೂ ಇದ್ದಾರೆ, ಇವತ್ತೂ ಬಜಾರಿನಲ್ಲಿ ಕಂಡರು. ಅವರ ಹೆಸರು ನಿಮಗೆ ಬೇಡ.

ನಾನು ಕಟ್ಟೆಯ ಮೇಲೆ ಕೂತು ಎದುರಿನ ಕದವನ್ನು ಕಾಯುತ್ತಿದ್ದೆ. ಸೂಜಿಯ ಕೆಲಸಕ್ಕೆ ಊರಲ್ಲಿ ಹೆಸರಾದವಳು ನಿಂಬೆವ್ವ, ಹಾಗಾಗಿ ಹಲವರು ಮೊದಲು ಬಂದದ್ದು ಅಲ್ಲಿಗೇ. ಆ ದಿನ ಹದಿನೇಳು ಜನ. ಕದ ತೆರೆಯುತ್ತಿತ್ತು, ಒಂದು ಕೈ ಹೊರಬಂದು ಸೂಜಿ ಒಯ್ಯುತ್ತಿತ್ತು, ದಾರ ಪೋಣಿಸಿ ಕೊಡುತ್ತಿತ್ತು, ಕದ ಮುಚ್ಚುತ್ತಿತ್ತು. ಮಾತಿಲ್ಲ. ಎರಡನೇ ದಿನವೂ ಹಾಗೆಯೇ. ಮನೆಗೆ ಹೋದರೆ ನನ್ನೊಡನೆಯೂ ಮಾತಿಲ್ಲ, ಗೋಡೆಗೆ ಮುಖ ಮಾಡಿ ಮಲಗುವಳು. ಶಿವಲೀಲೆ ಮೊರ ಹಿಡಿದು ಅಲ್ಲೇ ಇದ್ದಳು. ಊರಿನ ಕಾಳೆಲ್ಲ ಆರಿಸಿ ಮುಗಿದು, ಆರಿಸಿದ್ದನ್ನೇ ಕಲ್ಲು ಬೆರೆಸಿ ಮತ್ತೆ ಆರಿಸುತ್ತಿದ್ದಳು.

ಮೂರನೇ ದಿನ ಹೊತ್ತೇರುವಾಗ ಎದುರಿನ ಕದ ದಡಾರನೆ ತೆರೆಯಿತು. ನಿಂಬೆವ್ವ ತಲೆ ಕೆದರಿಕೊಂಡು ಹೊರಬಂದು ನೇರ ನನ್ನ ಕಟ್ಟೆಗೆ ಬಂದು ನಿಂತಳು.

“ಆಯಿ, ಇದು ನಿಮ್ಮ ಕಿತಾಪತಿ ಅಲ್ಲೇನು? ಒಂದ ಗಳಿಗಿ ನನ್ನ ಒಬ್ಬಾಕಿನ್ನ ಬಿಡವಲ್ರಲ್ಲ. ಆ ಕಂಡಕ್ಟರ್ ಹನಮಂತಗೌಡಂತೂ ಮೂರ ಸಲ ಬಂದ. ಸೂಜಿ ತೂತು ಯಾವ ಕಡಿ ಇರತೈತಿ ಅನ್ನೂದ ಗೊತ್ತಿಲ್ಲ ಅವಗ. ಬಸ್ಸ ನಿಂದರಿಸಿ ಬಂದಾನ, ಒಳಗ ಮಂದಿ ಕುಂತಾರ.”

ಅವಳ ಮುಖಕ್ಕೆ ಸಿಟ್ಟು ಏರಿತ್ತು. ಒಂದು ವರ್ಷದಲ್ಲಿ ಆ ಮುಖದ ಮೇಲೆ ಏನಾದರೂ ಏರಿದ್ದು ಅದೇ ಮೊದಲು. ನನ್ನ ನಾಲಿಗೆಯ ತುದಿಗೆ ಕಂಡಕ್ಟರನ ಬಗ್ಗೆ ಎಂಥ ಒಳ್ಳೆಯ ಮಾತು ಬಂದಿತ್ತೆಂದರೆ, ಅದನ್ನು ನುಂಗಿದ್ದು ಈಗಲೂ ಗಂಟಲಲ್ಲಿ ಚುಚ್ಚುತ್ತದೆ. ಬದಿಗೆ ಸರಿದು ಜಾಗ ಕೊಟ್ಟೆ. ಕೂತಳು.

“ನಿಂಬಿ,” ಎಂದೆ, “ಸಾಯಬೇಕು ಅನಸ್ತೈತೇನು?”

ಓಣಿಯಲ್ಲಿ ಯಾರದೋ ಕೋಳಿ ಕೆದಕುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

“ಹೌದ್ರಿ ಆಯಿ,” ಎಂದಳು. “ಗಂಟ ತಂದ ಕೊಟ್ಟ ದಿನಾನ ಕೇಳತೀರಿ ಅಂತ ಮಾಡಿದ್ದೆ. ನೀವು ಪಲ್ಲಕ್ಕಿ ಮಾತ ಆಡಿದ್ರಿ.”

“ಆಡಿದೆ. ನನ್ನ ತಪ್ಪು,” ಎಂದೆ.

ಆಗ ಅವಳು ಹೇಳತೊಡಗಿದಳು. ಕೂಸಿನದು, ಗಂಡನದು, ಬೆಳಿಗ್ಗೆ ಎದ್ದರೆ ಕೈಕಾಲು ಬೇರೆ ಯಾರದೋ ಎನಿಸುವುದು, ಹಂಸಲೀಲಾ ಹೋದಳೆಂದಾಗ ತನ್ನ ಪಾಳಿ ಬಂತು ಎನಿಸಿದ್ದು. ನಾನು ಒಂದು ಮಾತೂ ಆಡಲಿಲ್ಲ. ಹುಟ್ಟಿದಂದಿನಿಂದ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದಿಲ್ಲ, ನೊಣಗಳಿಗೂ ಆಶ್ಚರ್ಯವಾಯಿತು. ಬಿಸಿಲು ಕಟ್ಟೆ ಹತ್ತಿ ನಮ್ಮ ಮಡಿಲಿಗೆ ಬಂದಾಗ ಅವಳು ಅತ್ತಳು. ಶಿವಲೀಲೆ ಹೊಸ್ತಿಲಲ್ಲಿ ನಿಂತು ಮೊರದಿಂದ ಮುಖ ಮುಚ್ಚಿಕೊಂಡಿದ್ದಳು.

ಅಂದೇ ಮಧ್ಯಾಹ್ನ ಮೂವರೂ ದವಾಖಾನೆಗೆ ಹೋದೆವು. ಡಾಕ್ಟರಮ್ಮ ನಮ್ಮಿಬ್ಬರನ್ನು ಹೊರಗೆ ಕೂರಿಸಿ ಅವಳೊಬ್ಬಳೊಡನೆ ಒಂದು ತಾಸಿಗಿಂತ ಹೆಚ್ಚು ಹೊತ್ತು ಮಾತಾಡಿದರು. ಗುಳಿಗೆ ಕೊಟ್ಟರು, ವಾರಕ್ಕೊಮ್ಮೆ ಬರಬೇಕು ಎಂದರು, ಸದ್ಯಕ್ಕೆ ಒಬ್ಬಳನ್ನೇ ಬಿಡಬೇಡಿ ಎಂದು ನನಗೆ ಹೇಳಿದರು. ಗಂಡನಿಗೆ ವಿರುಪಾಕ್ಷಿ ಫೋನ್ ಮಾಡಿಸಿದ. ಲಾರಿ ತಿರುಗಿಸಿದ್ದಾನೆ, ಎರಡು ದಿನದಲ್ಲಿ ಬರುತ್ತಾನೆ ಎಂದು ತಿಳಿಯಿತು.

ನಮ್ಮ ಮನೆಗೆ ಬಂದು ನಿಂಬೆವ್ವ ನಡುಮನೆಯ ಚಾಪೆಯ ಮೇಲೆ ಸುಮ್ಮನೆ ಒರಗಿದಳು. ನಾನು ಒಲೆಯ ಮೇಲೆ ಬೇಳೆ ಇಟ್ಟು ಬಂದು, ತಲೆದಿಂಬು ಕೊಡುವಷ್ಟರಲ್ಲಿ ನಿದ್ದೆ ಹೋಗಿದ್ದಳು, ಬಾಯಿ ತೆರೆದುಕೊಂಡು. ವಾರಗಟ್ಟಲೆ ನಿದ್ದೆ ಇಲ್ಲವೆಂದು ಡಾಕ್ಟರಮ್ಮನಿಗೆ ಹೇಳಿದ್ದಳಂತೆ. ಬಾಗಿಲಲ್ಲಿ ಕಂಡಕ್ಟರ್ ಹನಮಂತಗೌಡ ಮತ್ತೆ ಸೂಜಿ ಹಿಡಿದು ಬಂದ. ತುಟಿಯ ಮೇಲೆ ಬೆರಳಿಟ್ಟು, ಅವನ ಸೂಜಿ ಪೋಣಿಸಿ, ಕಣ್ಣಿನಿಂದಲೇ ಬಸ್ಸಿನ ಕಡೆ ಓಡಿಸಿದೆ. ಆಮೇಲೆ ಅವಳ ಪಕ್ಕ ಕೂತೆ. ನಿದ್ದೆಯಲ್ಲಿ ಅವಳು ನನ್ನ ಸೆರಗಿನ ಮೇಲೆ ಹೊರಳಿದಳು, ಎದ್ದರೆ ಎಚ್ಚರವಾಗುತ್ತಾಳೆ. ಒಲೆಯ ಮೇಲೆ ಬೇಳೆ ಉಕ್ಕಿತು, ಇಂಗಿತು, ತಳ ಹತ್ತಿತು, ಮನೆಯ ತುಂಬ ಸೀದ ವಾಸನೆ ಬಂತು. ನಾನು ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎದ್ದವಳು ಮೂಗು ಅರಳಿಸಿ, “ಏನ ಸುಟ್ಟೀರಿ ಆಯಿ?” ಎಂದು ಕೇಳಿದಳು. ಆ ಸೀದ ಬೇಳೆಯನ್ನೇ ರೊಟ್ಟಿಗೆ ಹಚ್ಚಿಕೊಂಡು ಉಂಡೆವು. ಇಷ್ಟು ಕೆಟ್ಟ ಸಾರು ತಾನು ಹುಟ್ಟಿದಾಗಿನಿಂದ ಉಂಡಿಲ್ಲ ಎಂದಳು. ಎಂದು, ತಾಟು ಮುಂದೆ ಚಾಚಿ ಇನ್ನೊಂದು ಸವಟು ಹಾಕಿಸಿಕೊಂಡಳು.